ತೆಂಗಿನಕಾಯಿ ಮುಟ್ಟಿಸಿದ ಕರಾರು

ಫ್ರೀಮಾಂಟಿನ ಯಾವ ಇಂಡಿಯನ್ ಗ್ರೋಸರಿಗೆ ಬೇಕಾದರೂ ಹೋಗಿ ಫ್ರೀಜರಿನ ಗಾಜಿನ ಬಾಗಿಲು ತೆಗೆದು ನೋಡಿ. ನೀರುದೋಸೆ, ಗೋಳಿಬಜೆ, ಪರೋಟ, ಎಲ್ಲ ಪ್ಯಾಕೆಟ್ಟಿನ ಮೇಲೂ ಒಬ್ಬ ಅಜ್ಜಿ ನಗುತ್ತಾ ಕೂತಿರುತ್ತಾಳೆ. ಬಿಳಿ ತಲೆ, ಕಾಸಗಲದ ಕುಂಕುಮ, ಮೂಗುಬೊಟ್ಟು. ಕೆಳಗೆ 'ಅಜ್ಜಿ ಒಲೆ' ಎಂದು ಬರೆದಿದೆ. ಆ ಅಜ್ಜಿ ಯಾರೋ ನನಗೆ ಗೊತ್ತಿಲ್ಲ, ಎಲ್ಲಿಂದಲೋ ತಂದ ಫೋಟೋ ಅಂತೆ. ಒಳಗಿನ ಹಿಟ್ಟು ಯಾರ ಕೈಯದು ಎಂದು ಮಾತ್ರ ಚೆನ್ನಾಗಿ ಗೊತ್ತು. ಅದು ವಸಂತಕ್ಕನ ಕೈ. ಆಕೆಯ ಫೋಟೋ ಯಾವ ಪ್ಯಾಕೆಟ್ಟಿನ ಮೇಲೂ ಇಲ್ಲ, ಆದ್ದರಿಂದ ಆಕೆಯ ಕಥೆಯನ್ನು ನಾನಾದರೂ ಹೇಳುತ್ತೇನೆ.

ನಾನು ನಿರುಪಮಾ, ಮೈಸೂರಿನವಳು. ಗಂಡ ಸುಜಯ್ ಮೌಂಟನ್ ವ್ಯೂನಲ್ಲಿ ಇಂಜಿನಿಯರು. ಮಗ ಶಾಲೆಗೆ ಸೇರಿದ ಮೇಲೆ ಮನೆಯಲ್ಲಿ ಗೋಡೆ ನೋಡಿಕೊಂಡು ಕೂರಲಾರದೆ ನಾನು 'ಅಜ್ಜಿ ಒಲೆ'ಯ ಪ್ಯಾಕಿಂಗ್ ವಿಭಾಗ ಸೇರಿದೆ. ಫ್ರೀವೇ ಪಕ್ಕದ ದೊಡ್ಡ ಗೋದಾಮು ಅದು. ಒಂದು ಕಡೆ ಗ್ರೈಂಡರುಗಳು, ಇನ್ನೊಂದು ಕಡೆ ಪರೋಟ ಒತ್ತುವ ಮಷೀನುಗಳು, ಹಿಂದುಗಡೆ ಒಂದು ಕೋಣೆಯಷ್ಟು ದೊಡ್ಡ ಫ್ರೀಜರು. ಅದನ್ನು ಕಾರ್ಖಾನೆ ಎಂದರೆ ಮಾಲೀಕ ದೇವದಾಸ್‌ಗೆ ಮುಖ ಸಣ್ಣಗಾಗುತ್ತದೆ. 'ಅಡಿಗೆಮನೆ' ಎನ್ನಬೇಕು. ಅವನನ್ನು 'ಸಾರ್' ಎನ್ನುವ ಹಾಗಿಲ್ಲ, 'ದೇವದಾಸಣ್ಣ' ಎನ್ನಬೇಕು. ಭಲೇ ಜಾಣ! ಅಣ್ಣ ಎಂದು ಕರೆದ ಬಾಯಲ್ಲಿ ಯಾವ ತಂಗಿ ಓವರ್‌ಟೈಮ್ ಕೇಳುತ್ತಾಳೆ? ಅಣ್ಣನ ಅಡಿಗೆಮನೆಯಲ್ಲಿ ಊಟಕ್ಕೆ ಅರ್ಧ ಗಂಟೆ ಬಿಡುವು ಬೇಕು ಎಂದು ಯಾರು ಜಗಳ ತೆಗೆಯುತ್ತಾರೆ?

ವಸಂತಕ್ಕ ಪಡುಬಿದ್ರಿ ಹತ್ತಿರದವಳು. ಮನೆಮಾತು ತುಳು. ತಾಯಿ ಬೀಡಿ ಕಟ್ಟುತ್ತಿದ್ದಳು. ವಸಂತಕ್ಕನೂ ಶಾಲೆಯಿಂದ ಬಂದವಳೇ ತೊಡೆಯ ಮೇಲೆ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ತಾಯಿಯ ಪಕ್ಕ ಕೂರುತ್ತಿದ್ದಳು. ಬೀಡಿ ಕೊಂಡುಹೋಗುವ ಕಂಟ್ರಾಕ್ಟರು ಕಟ್ಟು ಬಿಚ್ಚಿ, ಇದು ಸರಿ ಇಲ್ಲ, ಅದು ಸರಿ ಇಲ್ಲ ಎಂದು ಒಂದಿಷ್ಟನ್ನು ಪಕ್ಕಕ್ಕೆ ಹಾಕುತ್ತಿದ್ದನಂತೆ. ಪಕ್ಕಕ್ಕೆ ಹಾಕಿದ್ದಕ್ಕೆ ಮಜೂರಿ ಇಲ್ಲ. ಹಾಗೆಂದು ವಾಪಸ್ಸೂ ಕೊಡುತ್ತಿರಲಿಲ್ಲ, ತಾನೇ ಚೀಲಕ್ಕೆ ತುಂಬಿಕೊಂಡು ಹೋಗುತ್ತಿದ್ದ. ಕೊನೆಗೊಂದು ದಿನ ಊರ ಹೆಂಗಸರೆಲ್ಲ ತಡ್ಪೆ ಹಿಡಿದುಕೊಂಡು ಹೋಗಿ ಅವನ ಡಿಪೋದ ಮುಂದೆ ನಡುರಸ್ತೆಯಲ್ಲೇ ಕೂತುಬಿಟ್ಟರು.

"ನನ್ನ ಅಮ್ಮ ಮುಂದಿನ ಸಾಲಿನಲ್ಲಿ ಮಾರಾಯ್ತಿ," ಎಂದು ವಸಂತಕ್ಕ ಒಮ್ಮೆ ಚಹಾ ಕುಡಿಯುತ್ತಾ ಹೇಳಿದ್ದಳು. "ಬಸ್ಸಿನವ ಹಾರ್ನ್ ಹೊಡೆದ್ರೆ ಅಮ್ಮ 'ಹೊಡಿ, ಹೊಡಿ, ಇನ್ನೂ ಜೋರು ಹೊಡಿ, ಕಂಟ್ರಾಕ್ಟರಿಗೂ ಕೇಳ್ಲಿ' ಅಂತ ಹೇಳಿದ್ದು. ನಾನು ಅಮ್ಮನ ಸೆರಗು ಹಿಡ್ಕೊಂಡು ನಗಾಡಿದ್ದೇ ನಗಾಡಿದ್ದು."

ಅಂಥ ತಾಯಿಯ ಮಗಳು ಈಕೆ. ಗಂಡ ಅಜಿತ್ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ. ದೇವದಾಸನಿಗೆ ಆಗ ಇಲ್ಲಿ ಹೋಟೆಲು ಇತ್ತು, ಅವನೇ ವೀಸಾ ಮಾಡಿಸಿ ಅಜಿತನನ್ನು ಕರೆಸಿಕೊಂಡ. ಹಿಂದೆಯೇ ವಸಂತಕ್ಕ ಕೈಗೂಸು ನಿಶ್ಮಿತಾಳನ್ನು ಎತ್ತಿಕೊಂಡು ಬಂದಳು. ಹೋಟೆಲು ಮುಚ್ಚಿ 'ಅಜ್ಜಿ ಒಲೆ' ಶುರುವಾದಾಗ ಹಿಟ್ಟಿನ ವಿಭಾಗಕ್ಕೆ ವಸಂತಕ್ಕನೇ ಮೊದಲ ಕೆಲಸದವಳು. ಅಜಿತನ ಬೆನ್ನು ಕೆಟ್ಟು ಆಪರೇಷನ್ ಆದಾಗ ದೇವದಾಸ್ ಆಸ್ಪತ್ರೆಯಲ್ಲಿ ಬಂದು ಕೂತಿದ್ದ, ಮನೆಗೆ ಗಂಜಿ ಕಳಿಸಿದ್ದ. ಅದು ಸುಳ್ಳಲ್ಲ, ನಾನು ಇಲ್ಲ ಎನ್ನುವುದಿಲ್ಲ. ಆದರೆ ಆ ಗಂಜಿಯ ಮಾತನ್ನು ಆತ ವರ್ಷಕ್ಕೆ ಎಷ್ಟು ಸಲ ಎತ್ತುತ್ತಿದ್ದ ಎಂದು ನೀವು ಕೇಳಿಸಿಕೊಳ್ಳಬೇಕಿತ್ತು.

ಹೋದ ವರ್ಷ ನಮ್ಮ ಬೀದಿಯ ಇನ್ನೊಂದು ತುದಿಯ ಬ್ರೆಡ್ಡಿನ ಕಾರ್ಖಾನೆಯಲ್ಲಿ ಕೆಲಸದವರೆಲ್ಲ ಯೂನಿಯನ್ ಮಾಡಿಕೊಂಡು ಮುಷ್ಕರ ಹೂಡಿದರು. ಬೋರ್ಡು ಹಿಡಿದು, ಬಕೆಟ್ಟು ಬಡಿದು, ಬೀದಿಯೆಲ್ಲ ಗದ್ದಲ. ನಮ್ಮ ದೇವದಾಸಣ್ಣ ಕಿಟಕಿಯ ಪರದೆ ಸರಿಸಿ ಸರಿಸಿ ಅದನ್ನೇ ನೋಡುತ್ತಿದ್ದ. ಆ ಸಲದ ಆಯುಧಪೂಜೆ ಎಂದೂ ಇಲ್ಲದಷ್ಟು ಜೋರಾಗಿ ನಡೆಯಿತು. ಗ್ರೈಂಡರುಗಳಿಗೆ ಚೆಂಡುಹೂವಿನ ಹಾರ, ಮಷೀನುಗಳಿಗೆ ಕುಂಕುಮ. ಗೋಡೆಯ ಮೇಲಿದ್ದ ಮಂಜುನಾಥ ಸ್ವಾಮಿಯ ಫೋಟೋದ ಮುಂದೆ ತಟ್ಟೆ, ತಟ್ಟೆಯಲ್ಲಿ ತೆಂಗಿನಕಾಯಿ. ಮಂಗಳಾರತಿ ಮುಗಿದ ಮೇಲೆ ಆತ ನಮ್ಮ ಊರಿನ ಹೆಂಗಸರನ್ನು ಮಾತ್ರ ನಿಲ್ಲಿಸಿಕೊಂಡ. ಪರೋಟ ಒತ್ತುವ ಮೆಕ್ಸಿಕೋದ ಹೆಂಗಸರಿಗೆ ಲಾಡು ಕೊಟ್ಟು ಕಳಿಸಿದ.

"ನೋಡಿ, ಇಲ್ಲಿ ಧಣಿ ಅಂತ ಯಾರೂ ಇಲ್ಲ. ನಾವೆಲ್ಲ ಒಂದೇ ಮನೆಯವರು," ಎಂದ. "ಹೊರಗಿನವರು ಬಂದು ಮನೆ ಒಡೀತಾರೆ. ಅದಕ್ಕೆ ಸ್ವಾಮಿಯ ಎದುರು ಒಂದು ಮಾತು ಕೊಡುವ. ನಾನು ನಿಮ್ಮನ್ನು ಒಡಹುಟ್ಟಿದವರ ಹಾಗೆ ನೋಡ್ಕೊಳ್ತೇನೆ. ನೀವು ಯೂನಿಯನ್ನು ಗೀನಿಯನ್ನು ಅಂತ ಈ ಮನೆಯ ಕೆಲಸ ನಿಲ್ಲಿಸುವುದಿಲ್ಲ ಅಂತ ಕಾಯಿ ಮುಟ್ಟಿ ಹೇಳಿ. ಅಷ್ಟೇ."

ಅಷ್ಟೇ ಅಂತೆ! ಕರಾವಳಿಯವರ ಜೊತೆ ಒಡನಾಡಿದ ಯಾರನ್ನಾದರೂ ಕೇಳಿ ನೋಡಿ, ಅಲ್ಲಿ ಮಂಜುನಾಥನ ಆಣೆ ಎಂದರೆ ಕೋರ್ಟಿಗಿಂತ ದೊಡ್ಡದು. ಗಡಿಯ ಜಗಳವಿರಲಿ, ಕಳವಿನ ಮಾತಿರಲಿ, 'ಬಾ, ಆಣೆ ಹಾಕು' ಎಂದರೆ ಅಲ್ಲಿಗೆ ಮುಗಿಯಿತು. ಸುಳ್ಳು ಆಣೆ ಹಾಕಿದವರ, ಹಾಕಿದ ಆಣೆ ಮುರಿದವರ ಮನೆ ಏಳಿಗೆಯಾಗುವುದಿಲ್ಲ, ಮಕ್ಕಳ ತಲೆಗೆ ತಟ್ಟುತ್ತದೆ ಎಂಬ ಭಯ ಎದೆಯಲ್ಲೇ ಕೂತಿರುತ್ತದೆ. ಅದನ್ನು ಬಿಡಿಸಿಕೊಳ್ಳಬೇಕಾದರೆ ಆಣೆ ಹಾಕಿದವರು, ಹಾಕಿಸಿದವರು ಇಬ್ಬರೂ ದೇವರ ಮುಂದೆ ನಿಲ್ಲಬೇಕು. ದೇವದಾಸನಿಗೆ ಇದೆಲ್ಲ ಗೊತ್ತಿತ್ತು, ಗೊತ್ತಿದ್ದೇ ಹಾಕಿಸಿದ.

ನನ್ನ ಸರದಿ ಬಂದಾಗ, "ಅಯ್ಯೋ, ನಾನಿವತ್ತು ಮುಟ್ಟೋ ಹಾಗಿಲ್ಲ ದೇವದಾಸಣ್ಣ, ಹೊರಗಾಗಿದೀನಿ," ಎಂದುಬಿಟ್ಟೆ. ಆತ ಕೆಂಪಾಗಿ ಎರಡು ಹೆಜ್ಜೆ ಹಿಂದೆ ಸರಿದ. ಹೊರಗೂ ಆಗಿರಲಿಲ್ಲ, ಒಳಗೂ ಆಗಿರಲಿಲ್ಲ. ಈ ಮನುಷ್ಯನ ನಯ ನನಗೆ ಹಿಡಿಸಿರಲಿಲ್ಲ, ಅಷ್ಟೇ. ವಸಂತಕ್ಕ ಮಾತ್ರ ಕಣ್ಣು ಮುಚ್ಚಿ ಕಾಯಿಯ ಮೇಲೆ ಬಲಗೈ ಇಟ್ಟಳು. ಗಂಜಿಯ ಋಣ ಆ ಕೈಯನ್ನು ಅಲ್ಲಿಗೆ ಎಳೆದಿತ್ತು.

ಇನ್ನು ಆ ಫ್ರೀಜರಿನ ಬಾಗಿಲಿನ ಮಾತು. ಒಳಗೆ ಸಿಕ್ಕಿಕೊಂಡವರು ತಳ್ಳಿ ಹೊರಬರಲು ಅದಕ್ಕೆ ಒಳಗಡೆ ಒಂದು ಗುಬುಟು ಇರುತ್ತದೆ. ನಮ್ಮದರಲ್ಲಿ ಅದು ಮುರಿದುಹೋಗಿತ್ತು. ನಾವು ಹೇಳಿದೆವು. ಮತ್ತೆ ಹೇಳಿದೆವು. ವಸಂತಕ್ಕ ಆತನ ಕೈ ಹಿಡಿದು ಕರೆದುಕೊಂಡು ಹೋಗಿ ಮುರಿದ ಜಾಗ ತೋರಿಸಿ ಬಂದಳು. "ಮಾಡಿಸುವ, ಮಾಡಿಸುವ. ಅಲ್ಲಿಯವರೆಗೆ ಒಳಗೆ ಹೋಗುವಾಗ ಹಿಟ್ಟಿನ ಬಕೆಟ್ಟು ಅಡ್ಡ ಇಡಿ," ಎಂದ. ಹಾಗೇ ಇಟ್ಟುಕೊಂಡು ಬಂದೆವು. ಒಂದು ಬೆಳಿಗ್ಗೆ ದೊಡ್ಡ ಅಂಗಡಿಯವರು ಯಾರೋ ಅಡಿಗೆಮನೆ ನೋಡಲು ಬರುತ್ತಾರೆಂದು ಆ ಬಕೆಟ್ಟು ಅಸಹ್ಯ ಕಾಣುತ್ತದೆ, ತೆಗೆಯಿರಿ ಎಂದು ತಾನೇ ನಿಂತು ತೆಗೆಸಿದ. ಆಗ ಲೂಪೆ ಪರೋಟದ ಟ್ರೇ ತರಲು ಒಳಗಿದ್ದಳು.

ಲೂಪೆ ಪರೋಟ ಒತ್ತುವವಳು, ಮೆಕ್ಸಿಕೋದ ಹಳ್ಳಿಯವಳು, ಬಾಯಿ ತುಂಬ ನಗು. ಬಾಗಿಲು ಮುಚ್ಚಿಕೊಂಡಿತು. ಹೊರಗೆ ಗ್ರೈಂಡರುಗಳ ಸದ್ದು. ಅವಳು ಬಡಿದದ್ದು ಯಾರಿಗೂ ಕೇಳಿಸಲಿಲ್ಲ. ದೇವದಾಸ್ ಬಂದವರಿಗೆ ಗೋಳಿಬಜೆ ಬಡಿಸುತ್ತಾ 'ಅಜ್ಜಿಯ ಪ್ರೀತಿ' ಎಂದು ಏನೋ ಭಾಷಣ ಮಾಡುತ್ತಿದ್ದ. ಟ್ರೇ ಏಕೆ ಬರಲಿಲ್ಲ ಎಂದು ವಸಂತಕ್ಕನೇ ಹೋಗಿ ಬಾಗಿಲು ತೆಗೆದಳು. ಲೂಪೆ ನೆಲದ ಮೇಲೆ ಮುದುರಿ ಬಿದ್ದಿದ್ದಳು. ಬರಿಗೈಯಲ್ಲಿ ಆ ಕಬ್ಬಿಣವನ್ನು ಬಡಿದೂ ಬಡಿದೂ ಬೆರಳುಗಳು ಬೆಳ್ಳಗಾಗಿದ್ದವು. ವಸಂತಕ್ಕ ಅವಳನ್ನು ಹೊರಗೆಳೆದು, ಆ ಕೈಗಳನ್ನು ತನ್ನ ಕಂಕುಳಲ್ಲಿ ಒತ್ತಿ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟಳು. ನಾನು 911ಕ್ಕೆ ಫೋನು ಮಾಡಲು ಹೋದರೆ ದೇವದಾಸ್ ಓಡಿ ಬಂದು, "ಆಂಬುಲೆನ್ಸು ಎಲ್ಲ ಎಂತಕ್ಕೆ? ಮನೆಯ ವಿಷಯ ಮನೆಯಲ್ಲೇ ಇರಲಿ," ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. "ನಿಮ್ಮ ಮನೆಗಿಷ್ಟು ಬೆಂಕಿ ಹಾಕ!" ಎಂದು ಬಾಯಿಗೆ ಬಂದದ್ದನ್ನು ಬೈದು ಫೋನು ಮಾಡಿದೆ.

ಲೂಪೆಯ ಬಲಗೈಯ ಎರಡು ಬೆರಳಿನ ತುದಿ ಹೋಯಿತು. ಅದಕ್ಕಿಂತ ಹೊಟ್ಟೆ ಉರಿಸಿದ್ದು ಮುಂದಿನ ವಾರ ಸುಜಯ್ ಆಫೀಸಿನಿಂದ ತಂದ ಸುದ್ದಿ. ಅಲ್ಲಿನ ಕನ್ನಡದವರ ನಡುವೆ ದೇವದಾಸನ ಮಾತು ಆಗಲೇ ಓಡಾಡುತ್ತಿತ್ತಂತೆ: ಆ ಹೆಂಗಸು ಕೆಲಸ ಕದ್ದು ಫೋನು ನೋಡಲು ಫ್ರೀಜರಿನೊಳಗೆ ಹೋಗಿದ್ದಳು, ಬಾಗಿಲು ಸರಿಯಾಗೇ ಇತ್ತು.

"ಹೌದೇನೇ?" ಎಂದು ಕೇಳಿದ ನನ್ನ ಗಂಡ.

"ಅಲ್ಲಾ ಕಣ್ರೀ, ಫೋನು ನೋಡೋಕೆ ಯಾರಾದ್ರೂ ಫ್ರೀಜರ್‌ಗೆ ಹೋಗ್ತಾರಾ? ನಿಮ್ಮ ಇಂಜಿನಿಯರಿಂಗ್ ತಲೆಗೆ ಅಷ್ಟೂ ಹೊಳೀಲಿಲ್ವಾ?" ಎಂದೆ. ಪಾಪ, ಆತ ತಟ್ಟೆ ತೊಳೆಯಲು ಹೋದ.

ಕೆಲಸದ ಹೆಂಗಸರೆಲ್ಲ ಸೇರಿದೆವು. ಬ್ರೆಡ್ಡಿನ ಕಾರ್ಖಾನೆಯ ಯೂನಿಯನ್ನಿನವರು ಬಂದು ಮಾತಾಡಿದರು. ಬಾಗಿಲು ಸರಿಯಾಗಬೇಕು, ಲೂಪೆಯ ಮೇಲಿನ ಸುಳ್ಳನ್ನು ಆತ ಹಿಂತೆಗೆಯಬೇಕು, ನಮಗೊಂದು ಯೂನಿಯನ್ ಬೇಕು. ಅಲ್ಲಿಯವರೆಗೆ ಕೆಲಸ ಬಂದ್ ಎಂದು ಮಾತಾಯಿತು. ಮೆಕ್ಸಿಕೋದವರು ತಯಾರು, ನನ್ನ ಜೊತೆ ಪ್ಯಾಕಿಂಗಿನಲ್ಲಿದ್ದ ಗುಜರಾತಿನವರು ತಯಾರು, ನಾನಂತೂ ಕುದಿಯುತ್ತಿದ್ದೆ. ಆದರೆ ಹಿಟ್ಟಿನ ವಿಭಾಗದ ಕರಾವಳಿಯ ಹೆಂಗಸರೆಲ್ಲ ವಸಂತಕ್ಕನ ಮುಖ ನೋಡಿದರು. ಹಿಟ್ಟು ನಿಲ್ಲದಿದ್ದರೆ ಏನೂ ನಿಲ್ಲುವುದಿಲ್ಲ. ವಸಂತಕ್ಕ ನೆಲ ನೋಡುತ್ತಾ, "ನನಗೆ ಆಗುವುದಿಲ್ಲ. ಆಣೆ ಉಂಟು," ಎಂದಳು.

ಅವತ್ತು ಸಂಜೆ ಅವರ ಅಪಾರ್ಟ್‌ಮೆಂಟಿಗೆ ಹೋದೆ. ನಿಶ್ಮಿತಾ ಸೋಫಾದ ಮೇಲೆ ಕೂತಿದ್ದಳು. ಹೇವರ್ಡಿನ ಕಾಲೇಜಿನಲ್ಲಿ ಓದುವ ಹುಡುಗಿ, ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಇಂಗ್ಲಿಷಿನಲ್ಲಿ.

"ಅಮ್ಮಾ, ದಟ್ಸ್ ನಾಟ್ ಈವನ್ ಲೀಗಲ್!" ಎಂದು ಕೂಗಿದಳು. ಆಮೇಲೆ ನನ್ನ ಕಡೆ ತಿರುಗಿ, ತಾನು ಕ್ಲಾಸಿನಲ್ಲಿ ಓದಿದ್ದನ್ನೆಲ್ಲ ಹೇಳಿದಳು. ನೂರು ವರ್ಷದ ಹಿಂದೆ ಇಲ್ಲಿನ ಗಣಿಗಳಲ್ಲಿ, ಗಿರಣಿಗಳಲ್ಲಿ ಇದೇ ಆಟ ನಡೆಯುತ್ತಿತ್ತಂತೆ. ಯೂನಿಯನ್ ಸೇರುವುದಿಲ್ಲ ಎಂದು ಬರೆದುಕೊಟ್ಟರೆ ಮಾತ್ರ ಕೆಲಸ. ಅಂಥ ಕರಾರಿಗೆ ಸಹಿ ಹಾಕಿದವನು ಹಳದಿ ನಾಯಿಗಿಂತ ಕೀಳು ಎಂದು ಕೆಲಸಗಾರರು ಉಗಿದು, ಅದಕ್ಕೆ ಹಳದಿ ನಾಯಿ ಕರಾರು ಎಂದೇ ಹೆಸರಿಟ್ಟರು. ಜನ ಬೀದಿಗಿಳಿದು, ಪೆಟ್ಟು ತಿಂದು, ಜೈಲಿಗೆ ಹೋಗಿ ಹೋರಾಡಿದ ಮೇಲೆ 1932ರಲ್ಲಿ ಅದಕ್ಕೆ ಕೋರ್ಟಿನಲ್ಲಿ ಕಿಲುಬು ಕಾಸಿನ ಬೆಲೆಯೂ ಇಲ್ಲ ಎಂದು ಕಾನೂನು ಬಂತು. ಇಲ್ಲೇ ಪಕ್ಕದ ಓಕ್ಲೆಂಡಿನಲ್ಲಿ 1946ರಲ್ಲಿ ಅಂಗಡಿಗಳಲ್ಲಿ ಬಟ್ಟೆಬರೆ ಮಾರುವ ಹೆಣ್ಣುಮಕ್ಕಳು ಮುಷ್ಕರ ಹೂಡಿದ್ದಾಗ, ಮಾಲೀಕರ ಲಾರಿಗಳಿಗೆ ಪೊಲೀಸರೇ ಕಾವಲು ಬಂದದ್ದು ಕಂಡು ಟ್ರಾಮು ಓಡಿಸುವವರು ಟ್ರಾಮು ಬಿಟ್ಟು ಇಳಿದರು. ಇಡೀ ಊರು ನಿಂತುಹೋಯಿತು.

ಕೇಳುತ್ತಾ ನನಗೆ ಕೋಪ ಇಮ್ಮಡಿಯಾಯಿತು. ಇಷ್ಟು ಜನ ಇಷ್ಟು ಕಷ್ಟಪಟ್ಟು ಕಿತ್ತು ಬಿಸಾಡಿದ ಕರಾರನ್ನು ಈ ಮಹಾನುಭಾವ ಅರಿಶಿನ ಕುಂಕುಮ ಹಚ್ಚಿ ವಾಪಸ್ಸು ತಂದಿದ್ದಾನೆ! ಕಾಗದದ ಮೇಲೆ ಬರೆಸಿಕೊಂಡರೆ ನಿಲ್ಲುವುದಿಲ್ಲ ಎಂದು ದೇವರ ಮೇಲೆ ಬರೆಸಿಕೊಂಡಿದ್ದಾನೆ. "ವಸಂತಕ್ಕ, ಕೇಳಿದ್ರಲ್ಲ? ಆ ಆಣೆಗೆ ಬೆಲೆಯೇ ಇಲ್ಲ. ನಾಳೆ ಬನ್ನಿ ಹೊರಗೆ," ಎಂದೆ.

ವಸಂತಕ್ಕ ಅಕ್ಕಿ ತೊಳೆಯುತ್ತಿದ್ದಳು. "ಕೋರ್ಟಿನಲ್ಲಿ ಬೆಲೆ ಇಲ್ಲ, ಸರಿ. ನಾನು ಕೋರ್ಟಿನ ಮೇಲೆ ಕೈ ಇಟ್ಟದ್ದಾ ನಿರುಪಮಾ?" ಎಂದಳು. "ನನಗೆ ಒಬ್ಬಳೇ ಮಗಳು. ನಾಳೆ ಇವಳಿಗೆ ಎಂತಾದ್ರೂ ಆದ್ರೆ ಆ ಕಾನೂನು ಬಂದು ಕೂತ್ಕೊಳ್ತದಾ?"

"ಅಮ್ಮಾ, ಪ್ಲೀಸ್!" ಎಂದಳು ನಿಶ್ಮಿತಾ. ತಾಯಿಗೆ ಕಣ್ಣು ತುಂಬಿತು, ಮಗಳಿಗೂ ತುಂಬಿತು. ನನಗೆ ಯಾರ ಮೇಲೆ ಕೂಗಾಡಬೇಕೆಂದೇ ತಿಳಿಯಲಿಲ್ಲ. ನಾನು ಮೈಸೂರಿನವಳು, ಬಾಯಲ್ಲಿ ದಿನಕ್ಕೆ ನೂರು ಸಲ ದೇವರಾಣೆ ಬರುತ್ತದೆ. ಈಕೆಯ ಆಣೆಯ ಭಾರ ನನಗೆ ಅರ್ಥವಾಗುತ್ತಿರಲಿಲ್ಲ.

ಅರ್ಥವಾದದ್ದು ಲೂಪೆಗೆ. ಮರುದಿನ ಅವಳೇ ಬ್ಯಾಂಡೇಜಿನ ಕೈ ಎತ್ತಿ ಹಿಡಿದುಕೊಂಡು ವಸಂತಕ್ಕನ ಮನೆಗೆ ಬಂದಳು. ನಾನೂ ಅಲ್ಲಿದ್ದೆ. ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆ. ವಸಂತಕ್ಕ ಗೋಡೆಯ ಮೇಲಿನ ಸ್ವಾಮಿಯ ಫೋಟೋ ತೋರಿಸಿ, ತನ್ನ ಬಲಗೈ ತೋರಿಸಿ, ಮಗಳ ಕಡೆ ಬೆರಳು ಮಾಡಿದಳು. ಲೂಪೆ ನಗಲಿಲ್ಲ. ತನ್ನ ಊರಿನಲ್ಲಿ ಕುಡುಕ ಗಂಡಸರು ಕುಡಿತ ಬಿಡುತ್ತೇವೆಂದು ಮಾತೆ ಮರಿಯಮ್ಮನ ಮುಂದೆ ಆಣೆ ಹಾಕುತ್ತಾರೆ, ತನ್ನ ಅಣ್ಣನೂ ಹಾಕಿದ್ದ, ಅದು ಆಟದ ಮಾತಲ್ಲ ಎಂದಳು. ಆಮೇಲೆ ಚಹಾ ಕುಡಿದು ಮುಗಿಸಿ ಒಂದು ಪ್ರಶ್ನೆ ಕೇಳಿದಳು. "ಆ ದಿನ ಅವನೂ ಅಲ್ಲೇ ನಿಂತಿದ್ದ ಅಲ್ಲವಾ? ನಿನ್ನ ದೇವರಿಗೆ ನಿನ್ನ ಮಾತು ಮಾತ್ರ ಕೇಳಿಸಿತಾ? ಅವನ ಮಾತು ಕೇಳಿಸಲಿಲ್ಲವಾ?"

ವಸಂತಕ್ಕ ಕೈಯ ಲೋಟ ಕೆಳಗಿಟ್ಟಳು. "ಹೌದಲ್ಲ ಮಾರಾಯ್ತಿ," ಎಂದಳು ಕನ್ನಡದಲ್ಲಿ, ಲೂಪೆಗೆ.

ಸೋಮವಾರ ಬೆಳಿಗ್ಗೆ ಗ್ರೈಂಡರು ಹಾಕುವ ಹೊತ್ತಿಗೆ ವಸಂತಕ್ಕ ಸ್ವಾಮಿಯ ಫೋಟೋದ ಮುಂದೆ ತಟ್ಟೆ ಇಟ್ಟು, ಮನೆಯಿಂದ ತಂದ ತೆಂಗಿನಕಾಯಿ ಇಟ್ಟು, ಕರ್ಪೂರ ಹಚ್ಚಿದಳು. ಕೆಲಸದವರೆಲ್ಲ ಸುತ್ತ ಸೇರಿದೆವು. ದೇವದಾಸ್ ಆಫೀಸಿನಿಂದ ಹೊರಬಂದು, "ಓಹೋ, ಇವತ್ತು ಎಂತ ವಿಶೇಷ?" ಎಂದು ನಗುತ್ತಾ ಕೈಮುಗಿದ.

"ದೇವದಾಸಣ್ಣ, ಒಂದು ಆಣೆ ಬಾಕಿ ಉಂಟು," ಎಂದಳು ವಸಂತಕ್ಕ.

"ಯಾರದ್ದು?"

"ನಿಮ್ಮದು. ನಾನು ಹಾಕಿ ಆಯ್ತಲ್ಲ. ಈಗ ನೀವು ಕಾಯಿ ಮುಟ್ಟಿ ಹೇಳಿ. ಆ ಬಾಗಿಲು ಒಳಗಿಂದ ತೆಗೀಲಿಕ್ಕೆ ಆಗುವುದಿಲ್ಲ ಅಂತ ನನಗೆ ಗೊತ್ತಿರ್ಲಿಲ್ಲ, ಲೂಪೆ ಫೋನು ನೋಡ್ಲಿಕ್ಕೆ ಒಳಗೆ ಹೋದದ್ದು ಅಂತ. ಅಷ್ಟು ಹೇಳಿದ್ರೆ ನಾನು ಈಗಲೇ ಗ್ರೈಂಡರ್ ಹಾಕ್ತೇನೆ. ಸಾಯುವವರೆಗೆ ಯೂನಿಯನ್ ಹೆಸರು ಎತ್ತುವುದಿಲ್ಲ. ಇವರನ್ನೆಲ್ಲ ನಾನೇ ವಾಪಸ್ಸು ಕೆಲಸಕ್ಕೆ ನಿಲ್ಲಿಸ್ತೇನೆ."

ಈಕೆ ಏನು ಮಾಡುತ್ತಿದ್ದಾಳೆ? ಸುಳ್ಳು ಹೇಳುವುದು ಈತನಿಗೆ ಕಷ್ಟವೇ? ವಾರದಿಂದ ಊರೆಲ್ಲ ಹೇಳಿಕೊಂಡು ತಿರುಗಿಲ್ಲವೇ? ಮುಷ್ಕರವನ್ನೇ ಈಕೆ ಒಂದು ಕಾಯಿಯ ಮೇಲೆ ಇಟ್ಟುಬಿಟ್ಟಳಲ್ಲ ಎಂದು ಹಲ್ಲು ಕಚ್ಚಿದೆ.

"ದೇವರನ್ನು ಇದಕ್ಕೆಲ್ಲ ಎಳೀಬಾರ್ದು ವಸಂತಿ," ಎಂದ ದೇವದಾಸ್.

"ಎಳೆದದ್ದು ಯಾರು?"

ಆತ ಸುತ್ತ ನೋಡಿದ. ಕೈ ಮುಂದೆ ಮಾಡಿದ. ಕರ್ಪೂರ ಇನ್ನೂ ಉರಿಯುತ್ತಿತ್ತು. ಕಾಯಿಯ ಹತ್ತಿರದವರೆಗೆ ಬಂದ ಕೈ ಅಲ್ಲಿಂದ ಮುಂದೆ ಹೋಗಲಿಲ್ಲ. ನಮಗೆ, ಸುಜಯ್ ಆಫೀಸಿನ ಕನ್ನಡದವರಿಗೆ, ಲೂಪೆಯ ಗಾಯ ವಿಚಾರಿಸಿದ ಇನ್ಶೂರೆನ್ಸಿನವರಿಗೆ ಎಲ್ಲರಿಗೂ ನಿರಾಳವಾಗಿ ಸುಳ್ಳು ಹೇಳಿದ ಮನುಷ್ಯ ಅಲ್ಲಿ ಒದ್ದಾಡಿದ. ಅವನೂ ಕರಾವಳಿಯವನೇ ಅಲ್ಲವೇ!

"ನನಗೂ ಮಕ್ಕಳಿದ್ದಾರೆ," ಎಂದ ಸಣ್ಣ ದನಿಯಲ್ಲಿ, ಕೈ ಹಿಂದೆ ತೆಗೆದುಕೊಂಡು.

"ನನಗೂ ಇದ್ದಾಳೆ," ಎಂದಳು ವಸಂತಕ್ಕ. "ಲೂಪೆಗೂ ಇದ್ದಾರೆ."

ನಾವೆಲ್ಲ ಹೋ ಎಂದು ಕೂಗಬೇಕು ಎನ್ನುವಷ್ಟರಲ್ಲಿ ಆಕೆ ನಮ್ಮ ಕಡೆ ನೋಡದೆ ಫೋಟೋದ ಕಡೆ ತಿರುಗಿದಳು. ತಲೆಯ ಬಲೆ ತೆಗೆದಳು, ಏಪ್ರನ್ ಬಿಚ್ಚಿ ಮಡಿಚಿಟ್ಟಳು. ಆತ ಆಣೆ ಹಾಕದಿದ್ದರೂ ಆಕೆಯ ಆಣೆ ಆಕೆಯ ಮೇಲೆ ಹಾಗೇ ಇತ್ತು. "ಸ್ವಾಮೀ, ಆಣೆ ಮುರೀತಿದ್ದೇನೆ. ಪಾಪ ಉಂಟಾದ್ರೆ ನನ್ನ ಒಬ್ಬಳ ತಲೆ ಮೇಲೆ ಇರ್ಲಿ. ನನ್ನ ಮಗಳ ತಂಟೆಗೆ ಬರ್ಬೇಡ," ಎಂದಳು. ಗಟ್ಟಿಯಾಗೇ ಹೇಳಿದಳು, ಎಲ್ಲರಿಗೂ ಕೇಳುವ ಹಾಗೆ. ಆಮೇಲೆ ಬಾಗಿಲ ಕಡೆ ನಡೆದಳು. ಹಿಟ್ಟಿನ ವಿಭಾಗದ ಹೆಂಗಸರೆಲ್ಲ ಅತ್ತುಕೊಂಡೇ ಹಿಂದೆ ಬಂದರು.

ಹೊರಗೆ ಫುಟ್‌ಪಾತಿನ ಮೇಲೆ ಸಾಲಾಗಿ ನಿಂತೆವು. ಅಷ್ಟರಲ್ಲಿ ಮೈದಾ ತರುವ ದೊಡ್ಡ ಲಾರಿ ತಿರುವಿನಲ್ಲಿ ಬಂತು. ಲಾರಿಯವನು ನಮ್ಮನ್ನು, ನಮ್ಮ ಕೈಯ ಬೋರ್ಡುಗಳನ್ನು ನೋಡಿ ನಿಲ್ಲಿಸಿದ. ಮುಷ್ಕರದ ಸಾಲು ದಾಟಿ ಒಳಗೆ ಹೋಗಬಾರದು ಎಂಬುದು ಅವರಲ್ಲಿ ಹಳೆಯ ಕಟ್ಟುಪಾಡು. ಕಿಟಕಿಯಿಂದ ಕೈ ಬೀಸಿ, ಬೀದಿಯೆಲ್ಲ ಕೇಳುವ ಹಾಗೆ ಹಾರ್ನ್ ಹೊಡೆದು, ಲಾರಿ ತಿರುಗಿಸಿಕೊಂಡು ಹೋದ. ದೇವದಾಸ್ ಅದರ ಹಿಂದೆ ಕೈಯೆತ್ತಿಕೊಂಡು ಓಡಿದ್ದನ್ನು ನಾನು ಕಣ್ಣಾರೆ ನೋಡಿದೆ, ಹೊಟ್ಟೆ ತಣ್ಣಗಾಯಿತು.

ಆ ವಾರ ಮುಗಿಯುವುದರೊಳಗೆ ಬಾಗಿಲಿನ ಗುಬುಟು ಸರಿಹೋಯಿತು. ಒಬ್ಬ ರಿಪೇರಿಯವನು ಬಂದ, ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಕೂರಿಸಿ ಹೋದ. ಇಷ್ಟೇ ಕೆಲಸ! ಇಷ್ಟಕ್ಕೆ ಲೂಪೆಯ ಬೆರಳು ಹೋಗಬೇಕಿತ್ತೇ? ನೆನೆದರೆ ಈಗಲೂ ನನಗೆ ರಕ್ತ ಕುದಿಯುತ್ತದೆ. ಸುಳ್ಳು ಹೇಳಿದ್ದು ತಪ್ಪಾಯಿತು ಎಂದು ದೇವದಾಸ್ ಲೂಪೆಯ ಮುಂದೆ ತಲೆ ತಗ್ಗಿಸಿದ ಮೇಲೆ ನಾವು ಒಳಗೆ ಹೋದೆವು. ಯೂನಿಯನ್ ಬೇಕೋ ಬೇಡವೋ ಎಂದು ನಾವೆಲ್ಲ ಓಟು ಹಾಕುವುದೊಂದು ಬಾಕಿ ಉಳಿಯಿತು.

ನಮ್ಮವರ ಬಾಯಿ ಮಾತ್ರ ಮುಚ್ಚಲಿಲ್ಲ. ಉಂಡ ಮನೆಗೆ ದ್ರೋಹ ಬಗೆದಳಂತೆ, ದೇವರ ಆಣೆ ಮುರಿದಳಂತೆ. ಫ್ರೀಜರಿನಲ್ಲಿ ಒಬ್ಬಳು ಸಾಯುತ್ತಿದ್ದಳು ಎಂದರೆ 'ಹೌದಾ, ಪಾಪ' ಎಂದು ಸುಮ್ಮನಾಗುವ ಜನ ಆಣೆಯ ವಿಷಯಕ್ಕೆ ಬಂದರೆ ಪಂಚಾಯಿತಿ ಕೂರಿಸುತ್ತಾರೆ. ವಸಂತಕ್ಕ ಎಂದಿನ ಹಾಗೆ ಬಂದು ಹಿಟ್ಟು ರುಬ್ಬುತ್ತಿದ್ದಳು. ಆದರೆ ನಿಶ್ಮಿತಾಳಿಗೆ ಸಣ್ಣ ಜ್ವರ ಬಂದರೂ ಆಕೆಯ ಮುಖ ಸುಣ್ಣವಾಗುತ್ತಿತ್ತು. ಲಿವರ್‌ಮೋರಿನ ದೇವಸ್ಥಾನಕ್ಕೆ ನಾವು ಎರಡೂ ಮನೆಯವರು ಒಂದೇ ಕಾರಿನಲ್ಲಿ ಹೋಗುವುದು ವಾಡಿಕೆ. ಮುಷ್ಕರವಾದ ಮೇಲೆ ಆಕೆ ಜೊತೆಗೆ ಬರುತ್ತಿದ್ದಳು, ಒಳಗೆ ಬರುತ್ತಿರಲಿಲ್ಲ. "ನನಗೆ ಮುಖ ಇಲ್ಲ. ನೀವು ಹೋಗಿ ಬನ್ನಿ," ಎಂದು ಪಾರ್ಕಿಂಗಿನಲ್ಲೇ ಕಾರಿಗೆ ಒರಗಿ ನಿಲ್ಲುತ್ತಿದ್ದಳು. ಸುಳ್ಳು ಹೇಳಿದವನು ಒಳಗೆ ರೇಷ್ಮೆ ಶಲ್ಯ ಹೊದೆದು ಮೊದಲ ಸಾಲಿನಲ್ಲಿ ಕೂತಿರುತ್ತಿದ್ದ, ಜೀವ ಉಳಿಸಿದವಳು ಹೊರಗೆ ಬಿಸಿಲಿನಲ್ಲಿ. ಇದನ್ನು ನೋಡಿಕೊಂಡು ನಾನು ಹೇಗೆ ಕೈಮುಗಿಯಲಿ?

ಯೂನಿಯನ್ನಿನ ಓಟಿಗೆ ಹಿಂದಿನ ಭಾನುವಾರ ದೇವದಾಸ್ ಪೂಜೆ ಮುಗಿಸಿ ನೇರ ನಮ್ಮ ಕಾರಿನ ಹತ್ತಿರ ಬಂದ. ನಾನೂ ವಸಂತಕ್ಕನ ಜೊತೆ ಹೊರಗೇ ನಿಂತಿದ್ದೆ. ಆತನ ಹಣೆಯಲ್ಲಿ ಗಂಧ, ಮಾತಿನಲ್ಲಿ ಬೆಲ್ಲ.

"ವಸಂತಿ, ನೀನು ಹೀಗೆ ಹೊರಗೆ ನಿಲ್ಲುವುದು ನೋಡ್ಲಿಕ್ಕೆ ಆಗುವುದಿಲ್ಲ. ಬಾ, ಇಬ್ಬರೂ ದೇವರ ಎದುರು ನಿಲ್ಲುವ. ಹಾಕಿಸಿದವ ನಾನು, ನಾನೇ ಆ ಆಣೆ ಬಿಟ್ಟುಕೊಡ್ತೇನೆ. ನಿನ್ನ ಮನಸ್ಸಿಗೂ ನೆಮ್ಮದಿ, ಮಗಳಿಗೂ ಒಳ್ಳೇದು." ಶಲ್ಯ ಸರಿಮಾಡಿಕೊಂಡು, "ಆ ಯೂನಿಯನ್ನಿನ ಓಟು ಒಂದು ಬೇಡ ಅಂತ ನಿನ್ನವರಿಗೆ ಹೇಳು. ಅಷ್ಟೇ," ಎಂದ.

ನನ್ನ ಬಾಯಿಗೆ ಬೈಗುಳ ಬಂದಿತ್ತು. ವಸಂತಕ್ಕ ನನ್ನ ಕೈ ಹಿಡಿದು ತಡೆದಳು. ಆತನನ್ನೇ ನೋಡಿದಳು. ಇಷ್ಟು ದಿನ ತನ್ನ ಎದೆ ಸುಟ್ಟ ಭಯ ಈತನಿಗೆ ಓಟಿನ ಬದಲಿಗೆ ಕೊಡುವ ಸಾಮಾನು ಎಂದು ಆಕೆಗೆ ಆಗ ಕಂಡಿತು. ಮುಖ ಕೆಂಪಾಯಿತು. ಆಕೆಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಬೇಡ," ಎಂದಳು. "ದೇವರ ಹತ್ತಿರ ನಾನೇ ಮಾತಾಡ್ತೇನೆ. ನೀವು ಯೂನಿಯನ್ ಹತ್ತಿರ ಮಾತಾಡಿ."

ಹಾಗೆಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು, ಹಿಂದೆ ತಿರುಗಿ ನೋಡದೆ ದೇವಸ್ಥಾನದೊಳಗೆ ಹೋದಳು.